ನೀರಿಗೆ ಹೊಂದುವ ನೀಲಿ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಮದ್ದು ಹಾಗಿರಲಿ, ನನಗೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಕಷ್ಟವಾಗಿತ್ತು. ನಲವತ್ತೆರಡು ವರ್ಷದ ಗಂಡಸು, ಸ್ವಂತ ಅಂಗಡಿಯ ದರ್ಜಿ, ಮಕ್ಕಳ ಬಟ್ಟೆಗೆಂದು ಅರ್ಧ ಊರು ಹುಡುಕಿಕೊಂಡು ಬರುವಂಥವನು, ಹೆಂಡತಿಯ ತಮ್ಮನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ ಅಂದರೆ ಕೇಳಿದವರು ನಕ್ಕಾರು. ನಗಲಿ ಬಿಡಿ. ಉರಿಯುತ್ತಿದ್ದದ್ದು ನನ್ನ ಹೊಟ್ಟೆ, ಅವರದ್ದಲ್ಲ.

ನನ್ನ ಭಾವಮೈದ ಈಜು ಕಲಿಸುವವನು. ನಾಲ್ಕು ತಿಂಗಳ ಹಿಂದೆ ನಮ್ಮೂರಿನ ಈಜುಕೊಳದಲ್ಲಿ ಕೆಲಸ ಸಿಕ್ಕಿತೆಂದು ಬಂದು, ನಮ್ಮ ಹಿಂದಿನ ಬೀದಿಯಲ್ಲೇ ಒಂದು ಕೋಣೆ ಹಿಡಿದ. ಬಂದ ಮೊದಲ ವಾರವೇ ನನ್ನ ಆರು ವರ್ಷದ ಮಗಳನ್ನು ನೀರಿಗಿಳಿಸಿದ. ಅಲ್ಲಿಂದ ಶುರುವಾಯಿತು ನೋಡಿ, ‘ಮಾವ ಹೇಳಿದ್ರು’ ಪುರಾಣ. ಹಲ್ಲುಜ್ಜುವಾಗ ಮಾವ ಹೇಳಿದ್ರು, ಊಟಕ್ಕೆ ಕೂತರೆ ಮಾವ ಹೇಳಿದ್ರು. ಕೊಳದ ಅಂಚಿನಲ್ಲಿ ಓಡಬಾರದು, ಮಾವ ಹೇಳಿದ್ರು. ದೊಡ್ಡವರು ಇಳಿಯುವ ಮುಂಚೆ ಚಿಕ್ಕವರು ಇಳಿಯಬಾರದು, ಮಾವ ಹೇಳಿದ್ರು. ಗಾಳಿ ತುಂಬಿದ ತೋಳುಪಟ್ಟಿ ಬರೀ ಆಟದ ಸಾಮಾನು, ಅದನ್ನು ನಂಬಿದರೆ ಕೆಟ್ಟೆವು, ಮಾವ ಹೇಳಿದ್ರು. ಒಂದು ದಿನ ಬಚ್ಚಲುಮನೆಯಲ್ಲಿ ಬಕೆಟ್ಟಿನ ಮುಂದೆ ನಿಂತುಕೊಂಡು, “ಅಪ್ಪಾ, ನೀರಿಗೆ ಹೋಗ್ಲಾ?” ಎಂದು ಕೂಗಿದಳು.

“ಬಕೆಟ್ಟಿಗೆ ಇಳಿಯೋಕೆ ನೀನೇನು ಕಪ್ಪೆನಾ? ಸ್ನಾನ ಮುಗಿಸಿ ಬಾರೇ!” ಎಂದೆ.

“ಕೇಳ್ದೆ ನೀರಿನ ಹತ್ರ ಹೋಗ್ಬಾರ್ದು ಅಪ್ಪ,” ಎಂದಳು. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ.

ಹುಟ್ಟಿದಾಗ ಅವಳ ಮೂಗು ಅಂಗಿಯ ಬಟನ್ನಿನಷ್ಟೇ ಇತ್ತು. ಅದಕ್ಕೇ ನಾನು ಅವಳನ್ನು ‘ಬಟನ್ನು’ ಎಂದು ಕರೆದದ್ದು. ಬಟ್ಟೆ ಕತ್ತರಿಸುವ ನನ್ನ ಮೇಜಿನ ಕೆಳಗೆ ಅವಳದ್ದೊಂದು ಮನೆ. ಚೂರುಬಟ್ಟೆಯ ಹಾಸಿಗೆ, ದಾರದ ಖಾಲಿ ರೀಲುಗಳ ಗೋಡೆ. ಶಾಲೆಯಿಂದ ಬಂದವಳೇ ಅದರೊಳಗೆ ತೂರಿಕೊಂಡು ನನ್ನ ಕಾಲಿಗೆ ಒರಗಿ ಕೂರುವಳು. ನಾಲ್ಕು ವರ್ಷಕ್ಕೇ ಕಣ್ಣುಮುಚ್ಚಿಕೊಂಡು ಮುಟ್ಟಿ ಇದು ಹತ್ತಿ, ಇದು ಸ್ಯಾಟಿನ್ ಎಂದು ಹೇಳುತ್ತಿದ್ದಳು. ಈಗ ಸಂಜೆಯಾದರೆ ಕೊಳ. ಮೈಯೆಲ್ಲ ಕ್ಲೋರಿನ್ ವಾಸನೆ. ಭಾವಮೈದ ಅವಳಿಗೆ ‘ಮೀನು’ ಎಂದು ಹೆಸರಿಟ್ಟಿದ್ದ. ಒಮ್ಮೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಾನು “ಬಟನ್ನೂ, ಆ ಚಾಕ್ ಕೊಡು” ಅಂದೆ. ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು: “ಅಪ್ಪಾ, ಎಲ್ರ ಮುಂದೆ ಮೀನು ಅನ್ನು.”

ಮೈಯೆಲ್ಲ ಉರಿದುಹೋಯಿತು.

ಶಾಲೆಯಲ್ಲಿ ‘ನಮ್ಮ ಮನೆಯವರು’ ಎಂದು ಚಿತ್ರ ಬರೆಸಿದ್ದರು. ಹಾಳೆಯ ಮುಕ್ಕಾಲು ಭಾಗ ನೀರು, ನೀರಿನ ನಡುವೆ ಮಾವ, ಎದೆ ಉಬ್ಬಿಸಿಕೊಂಡು ಕೊರಳಿಗೆ ಸೀಟಿ ಕಟ್ಟಿಕೊಂಡವನು. ದಡದಲ್ಲಿ ಅಮ್ಮ. ಮೂಲೆಯಲ್ಲಿ ಒಂದು ಹೊಲಿಗೆ ಮಷೀನು, ಅದರ ಕೆಳಗೆ ಎರಡು ಕಾಲು. “ಇದ್ಯಾರೇ?” ಎಂದೆ. “ನೀನೇ ಅಪ್ಪ. ಮಷೀನ್ ಅಡ್ಡ ಬಂತು, ಅದಕ್ಕೆ ಮುಖ ಕಾಣ್ತಿಲ್ಲ.” ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಜನರ ಮುಖ ನೋಡಿಯೇ ಎಲ್ಲಿ ನೋವು ಎಂದು ಹೇಳಬಲ್ಲಳು. “ನಿಮಗೆ ಹೊಟ್ಟೆಕಿಚ್ಚು ಕಣ್ರೀ,” ಎಂದಳು. “ನಂಗಾ? ಆ ಬಡಕಲನ ಮೇಲಾ?” ಎಂದೆ. ಅವನೇನೂ ಬಡಕಲನಲ್ಲ. ಬಾಗಿಲಿನಷ್ಟು ಭುಜ ಇದೆ ಅವನಿಗೆ.

ಅವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಕುಡಿಯುವವನೋ, ಬಡಾಯಿ ಕೊಚ್ಚುವವನೋ ಆಗಿದ್ದರೆ ಒಂದು ದಿನ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ. ಅವನೋ ‘ಭಾವ, ಭಾವ’ ಎಂದು ಬಾಗಿಕೊಂಡೇ ಬರುವವನು. ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಕೊಳದಲ್ಲಿ ಮಾತ್ರ ಅವನದ್ದು ಕಟ್ಟುನಿಟ್ಟು. ಎಂಟು ವರ್ಷದೊಳಗಿನ ಪ್ರತಿ ಮಗುವಿಗೂ ಮನೆಯಿಂದ ಒಬ್ಬರು ಕಾವಲಿರಬೇಕು, ಆ ಕಾವಲಿನವರು ಹಳದಿ ಟೋಪಿ ಹಾಕಿಕೊಳ್ಳಬೇಕು. ಟೋಪಿ ತಲೆಯ ಮೇಲಿರುವಷ್ಟು ಹೊತ್ತು ಫೋನಿಲ್ಲ, ಪುಸ್ತಕವಿಲ್ಲ, ಹರಟೆಯಿಲ್ಲ. ಮಗು ಕೈಗೆಟಕುವಷ್ಟು ದೂರದಲ್ಲಿರಬೇಕು. ಶೌಚಾಲಯಕ್ಕೆ ಹೋಗಬೇಕೆಂದರೂ ಟೋಪಿಯನ್ನು ಇನ್ನೊಬ್ಬರ ತಲೆಗಿಟ್ಟು “ಈಗ ನೀವು” ಅನ್ನಬೇಕು, ಅವರು “ಈಗ ನಾನು” ಅಂದ ಮೇಲೆಯೇ ಕಾಲು ಕೀಳಬೇಕು. ‘ಹತ್ತು ಜನ ನೋಡ್ತಿದ್ರೆ ಒಬ್ಬರೂ ನೋಡ್ತಿರಲ್ಲ’ ಎನ್ನುವುದು ಅವನ ಮಾತು. ನಮ್ಮ ಮನೆಯ ಟೋಪಿ ನನ್ನ ಹೆಂಡತಿಯದು. ನನಗೆ ಈಜು ಬರುವುದಿಲ್ಲ, ನೀರೆಂದರೆ ಅಷ್ಟಕ್ಕಷ್ಟೇ. ನಾನು ಆ ಕಡೆ ಹೋದದ್ದೇ ಕಡಿಮೆ.

ಇಷ್ಟೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಕಿತ್ತಳೆ ಬಣ್ಣದ ಆ ಈಜುಡುಗೆ. ಭಾವಮೈದ ಅಂಗಡಿಯಿಂದ ಕೊಂಡುತಂದದ್ದು. ಅಯ್ಯೋ, ದರ್ಜಿಯ ಮಗಳಿಗೆ ರೆಡಿಮೇಡು! ಅದೂ ಎಂಥದ್ದು, ಕಣ್ಣಿಗೆ ಹೊಡೆಯುವ ಕಿತ್ತಳೆ, ತೋಳಿನಲ್ಲಿ ಎಲಾಸ್ಟಿಕ್ ಸುಕ್ಕು, ಬೆನ್ನಿನ ಹೊಲಿಗೆ ಹಾವು ಹರಿದಂತೆ. ಒಳಗೆ ದಾರದ ತುದಿಗಳು ಜೋತಾಡುತ್ತಿದ್ದವು. ಮಗಳು ಅದನ್ನು ತೊಟ್ಟು ಮನೆಯೆಲ್ಲ ಕುಣಿಯುವಾಗ ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಈಜು ನಿನ್ನದಾಗಿರಲಿ ಮಾರಾಯ, ಬಟ್ಟೆಯಾದರೂ ನನ್ನದಲ್ಲವೇ? ಅದಕ್ಕೂ ಕೈ ಹಾಕಬೇಕಾ?

ನನ್ನ ಕಸುಬಿನಲ್ಲಿ ನನಗೆ ಹೆಸರಿರುವುದು ಒಂದಕ್ಕೆ: ಬಣ್ಣ ಹೊಂದಿಸುವುದಕ್ಕೆ. ಹರಿದ ಬಟ್ಟೆ ತನ್ನಿ, ಎಲ್ಲಿ ಹರಿದಿತ್ತೆಂದು ನೀವೇ ಹುಡುಕಬೇಕು, ಹಾಗೆ ಹೊಲಿದುಕೊಡುತ್ತೇನೆ. ದಾರ ಬಟ್ಟೆಯಲ್ಲಿ ಕರಗಬೇಕು, ಹೊಲಿಗೆ ಕಾಣಿಸಿದರೆ ಅದು ಹೊಲಿಗೆಯೇ ಅಲ್ಲ, ಇದು ನನ್ನ ಗುರು ನನ್ನ ತಲೆಗೆ ಮೊಟಕಿ ಕಲಿಸಿದ ಪಾಠ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಸಗಟು ವ್ಯಾಪಾರಿಯಿಂದ ಈಜುಬಟ್ಟೆಯ ಚೂರುಗಳ ಗೊಂಚಲು ತೆಗೆದುಕೊಂಡು ಕೊಳಕ್ಕೆ ಹೋದೆ. ಅಂಚಿನಲ್ಲಿ ಮಂಡಿಯೂರಿ ಕೂತು ಒಂದೊಂದೇ ನೀಲಿಯನ್ನು ನೀರಿಗೆ ಹಿಡಿದೆ. ಒಂದು ತುಸು ಹೆಚ್ಚು ಹಸಿರು, ಒಂದು ತುಸು ಬಿಳಚು. ಹತ್ತೊಂಬತ್ತನೆಯ ಚೂರನ್ನು ನೀರಿನಲ್ಲಿ ಅದ್ದಿದಾಗ ನನ್ನ ಬೆರಳಷ್ಟೇ ಕಂಡಿತು, ಬಟ್ಟೆ ಕಾಣಲಿಲ್ಲ. ಸಿಕ್ಕಿತು ಎಂದು ಖುಷಿಯಿಂದ ತೊಡೆ ತಟ್ಟಿಕೊಂಡೆ. ಟಿಕೆಟ್ ಕೊಡುವ ಹೆಂಗಸು ಇವನಿಗೆಲ್ಲೋ ತಲೆ ಕೆಟ್ಟಿದೆ ಎನ್ನುವಂತೆ ನೋಡಿದಳು.

ಮೂರು ಸಂಜೆ ಕೂತು ಹೊಲಿದೆ. ಗಿರಾಕಿಗಳ ಬಟ್ಟೆ ಹಾಗೆಯೇ ಬಿದ್ದಿತ್ತು. ಆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಸೂಜಿ ಒಂಚೂರು ಜಾರಿದರೆ ಕೆಟ್ಟಿತು. ನೀರಿನ ಮೇಲೆ ಬಿಸಿಲು ಬಿದ್ದಾಗ ಅಲೆ ಹೊಳೆಯುತ್ತದಲ್ಲ, ಆ ಹೊಳಪಿಗೆಂದು ಸೊಂಟದ ಹತ್ತಿರ ತೆಳು ಬಿಳಿ ಗೆರೆಗಳನ್ನೂ ಕೂರಿಸಿದೆ. ಮಗಳು ಅದನ್ನು ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, “ಅಪ್ಪಾ, ನಾನು ನೀರೇ ಆಗ್ಬಿಟ್ಟೆ!” ಎಂದು ಬಂದು ನನ್ನ ಕೊರಳಿಗೆ ಜೋತುಬಿದ್ದಳು. ಎಷ್ಟು ದಿನವಾಗಿತ್ತು ಹಾಗೆ ಜೋತುಬಿದ್ದು. ಗೆದ್ದೆ ಎಂದುಕೊಂಡೆ.

ಆ ಗೆಲುವಿನ ಆಯಸ್ಸು ಒಂದು ಗಂಟೆ. ಸಂಜೆ ಭಾವಮೈದ ಮನೆಗೆ ಬಂದ, ಬಟ್ಟೆಯನ್ನು ಕೈಗೆ ತೆಗೆದುಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದ. “ಎಂಥ ಕೆಲಸ ಭಾವ! ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ,” ಎಂದ. ನಾನು ಉಬ್ಬುತ್ತಿರುವಾಗಲೇ, “ಆದ್ರೆ ಮನೇಲಿ ಹಾಕ್ಕೊಳ್ಳಲಿ ಭಾವ. ಕೊಳಕ್ಕೆ ಬೇಡ,” ಎಂದುಬಿಟ್ಟ.

“ಯಾಕೆ? ನಿನ್ನ ಕಿತ್ತಳೆಗಿಂತ ಚೆನ್ನಾಗಿದೆ ಅಂತಾನಾ?”

“ಅಯ್ಯೋ ಹಾಗಲ್ಲ. ನೀಲಿ ನೀರಲ್ಲಿ ಕಾಣ್ಸಲ್ಲ. ಎರಡಡಿ ಕೆಳಗೆ ಹೋದ್ರೆ ಸಾಕು, ಮಗು ಎಲ್ಲಿದೆ ಅಂತ ನನಗೂ ಗೊತ್ತಾಗಲ್ಲ. ಕಿತ್ತಳೆ ಆದ್ರೆ ತಳದಲ್ಲಿದ್ರೂ ಕಣ್ಣಿಗೆ ಬೀಳುತ್ತೆ. ಬೇಕಾದ್ರೆ ನಾಳೆ ಬನ್ನಿ, ಎರಡನ್ನೂ ನೀರಲ್ಲಿ ಮುಳುಗಿಸಿ ತೋರಿಸ್ತೀನಿ.”

“ನನ್ನ ಬಟ್ಟೆ ಮುಳುಗಿಸ್ತೀಯಾ?” ನನ್ನ ದನಿ ಎಲ್ಲಿಂದೆಲ್ಲಿಗೋ ಏರಿತು. “ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹೊಲಿದಿದೀನಿ, ಮುಳುಗಿಸಿ ತೋರಿಸ್ತಾನಂತೆ!”

ಹೆಂಡತಿ ನಡುವೆ ಬಂದಳು. “ಅವನು ಹೇಳೋದು ಸರಿಯಾಗೇ ಇದೆಯಲ್ರೀ. ನೀಲಿ ಮನೆಗೆ, ಕಿತ್ತಳೆ ನೀರಿಗೆ. ಮುಗೀತು.” ಮುಗಿಯಿತು ಅವಳಿಗೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ. ಅವನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಒಂದೇ, ನಿನ್ನ ಕೆಲಸಕ್ಕೆ ಬೆಲೆಯಿಲ್ಲ ಎನ್ನುವುದು. ಬಟ್ಟೆಯನ್ನು ಮಡಚಿ ಕಪಾಟಿನಲ್ಲಿಟ್ಟೆ. ಮನಸ್ಸಿನಲ್ಲಿ ಮಾತ್ರ, ಇರು ಮಗನೇ, ಇಡೀ ಕೊಳ ಇದನ್ನು ನೋಡುವಂತೆ ಮಾಡುತ್ತೇನೆ ಎಂದುಕೊಂಡೆ.

ಅವಕಾಶ ಬರಲು ಬಹಳ ದಿನ ಕಾಯಬೇಕಾಗಲಿಲ್ಲ. ಮುಂದಿನ ಭಾನುವಾರ ಔಷಧಿ ಅಂಗಡಿಯಲ್ಲಿ ಇನ್ನೊಬ್ಬಳು ರಜೆ ಹಾಕಿ, ನನ್ನ ಹೆಂಡತಿ ಕೆಲಸಕ್ಕೆ ಹೋಗಬೇಕಾಯಿತು. ಮಗಳು ಕೊಳಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. “ನಾನು ಕರ್ಕೊಂಡು ಹೋಗ್ತೀನಿ,” ಎಂದೆ. ಹೆಂಡತಿ ನನ್ನ ತಲೆಗೆ ಹಳದಿ ಟೋಪಿ ಇಟ್ಟು, “ಈಗ ನೀವು,” ಎಂದಳು. ನಾನು ಟೋಪಿ ಸರಿಮಾಡಿಕೊಂಡೆ. “ಹೇಳ್ರೀ.” “ಈಗ ನಾನು, ಆಯ್ತಾ?” ಎಂದೆ. “ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ,” ಎಂದು ಹೋದಳು. ಅವಳು ಬೀದಿ ತಿರುಗುವುದನ್ನೇ ಕಾದು ಕಪಾಟು ತೆಗೆದೆ.

ಕೊಳ ಕಿಕ್ಕಿರಿದಿತ್ತು. ಬಟ್ಟೆ ಬದಲಿಸುವ ಕೋಣೆಯಿಂದ ಮಗಳು ಹೊರಗೆ ಬಂದಾಗ ನಾಲ್ಕಾರು ಹೆಂಗಸರು ತಿರುಗಿ ನೋಡಿದ್ದು ನನ್ನ ಕಣ್ಣಿಗೆ ಬಿತ್ತು. ಭಾವಮೈದನಿಗೂ ಬಿತ್ತು. ದೊಡ್ಡವರಿಗೆ ಪಾಠ ಹೇಳುತ್ತಿದ್ದವನು ಬಿಟ್ಟು ಓಡಿಬಂದ. “ಭಾವ, ಇದು ಬೇಡ ಅಂದಿದ್ನಲ್ಲ?”

“ನನ್ನ ಮಗಳು, ನನ್ನ ಬಟ್ಟೆ, ಟೋಪಿ ನನ್ನ ತಲೆ ಮೇಲಿದೆ. ನಿನಗೇನು ಕಷ್ಟ?” ಜನರಿಗೆ ಕೇಳಲೆಂದೇ ಜೋರಾಗಿ ಹೇಳಿದೆ.

ಅವನು ಸುತ್ತಲಿನ ಜನರತ್ತ ಒಮ್ಮೆ ನೋಡಿದ. ಬೇರೆ ಯಾರೇ ಆಗಿದ್ದರೂ ಹೊರಗೆ ಕಳಿಸುತ್ತಿದ್ದ, ಕಳಿಸಿದ್ದನ್ನು ನಾನೇ ಕೇಳಿದ್ದೇನೆ. ಆದರೆ ಅಕ್ಕನ ಗಂಡನನ್ನು ನಾಲ್ಕು ಜನರ ಮುಂದೆ ಹೇಗೆ ಕಳಿಸಿಯಾನು? “ಹಾಗಾದ್ರೆ ನೀವೂ ನೀರಿಗಿಳೀರಿ ಭಾವ. ದಯವಿಟ್ಟು. ಕೈಗೆಟಕೋ ದೂರದಲ್ಲೇ ಇರಿ, ಹಗ್ಗದ ಹತ್ರ ಬಿಡ್ಬೇಡಿ. ಅಲ್ಲಿ ಅವಳ ತಲೆ ಮುಳುಗುತ್ತೆ,” ಎಂದ. “ಹೂಂ, ಹೂಂ, ಹೋಗು,” ಎಂದೆ. ಹಗ್ಗವೆಂದರೆ ಬಿಳಿ ತೇಲುಬುರುಡೆಗಳನ್ನು ಪೋಣಿಸಿ ಕೊಳಕ್ಕೆ ಅಡ್ಡ ಕಟ್ಟಿದ್ದು, ಅದರಾಚೆ ದೊಡ್ಡವರ ಜಾಗ. ಮೆಟ್ಟಿಲಿನ ಹತ್ತಿರ ನೀರು ಅವಳ ಎದೆಗೆ ಬರುತ್ತಿತ್ತು, ಅಲ್ಲಿಂದ ತಳ ಇಳಿಜಾರು.

ಇಳಿದೆ. ಸೊಂಟದವರೆಗೆ ನೀರು, ಮೈ ಜುಮ್ಮೆಂದಿತು. ಹತ್ತು ನಿಮಿಷ ಇದ್ದಿರಬೇಕು. ಆಮೇಲೆ ಚಳಿ ತಡೆಯದೆ ಮೇಲೆ ಬಂದು ಮೆಟ್ಟಿಲ ಮೇಲೆ ಕೂತೆ, ಕಾಲು ಮಾತ್ರ ನೀರಲ್ಲಿ. ಇಲ್ಲೇ ಇದ್ದಾಳಲ್ಲ, ನಾಲ್ಕು ಮಾರು ದೂರದಲ್ಲಿ, ಇದಕ್ಕೇನು ಎಂದುಕೊಂಡೆ. ಅವಳು ಕಾಲು ಬಡಿದುಕೊಂಡು ನಾಲ್ಕು ಕೈ ಈಜಿ, ನಿಂತು, ಮತ್ತೆ ಈಜುತ್ತಿದ್ದಳು. ಹಳದಿ ಟೋಪಿ ಹಾಕಿಕೊಂಡ ಇನ್ನೊಬ್ಬ ಹೆಂಗಸು ತನ್ನ ಅವಳಿ ಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆಯೇ ನಿಂತಿದ್ದಳು. ಮಕ್ಕಳ ಮೇಲಿನ ಕಣ್ಣು ತೆಗೆಯದೆಯೇ, “ಆ ಮಗು ಬಟ್ಟೆ ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರೋ?” ಎಂದಳು.

“ನಾನೇ ಹೊಲಿದದ್ದು. ನನ್ನ ಮಗಳು,” ಎಂದೆ. ಎದೆ ಇಷ್ಟಗಲವಾಯಿತು.

“ಓ, ನಿಮ್ಮ ಮಗಳಾ? ನಾನು ಈಜು ಮೇಷ್ಟ್ರ ಮಗಳು ಅಂದ್ಕೊಂಡಿದ್ದೆ. ಇಷ್ಟು ದಿನ ಅವರ ಜೊತೇಲೇ ನೋಡ್ತಿದ್ನಲ್ಲ. ನಗು ಕೂಡ ಅವರ ಹಾಗೇ ಇದೆ.”

ಅವಳಿಗೇನು ಗೊತ್ತು ಪಾಪ. ಹೇಳಿ ಮಕ್ಕಳ ಜೊತೆ ಅತ್ತ ಸರಿದಳು. ನಾನು ಅಲ್ಲೇ ಕೂತು ಬೆಂದುಹೋದೆ. ಆರು ವರ್ಷ ಎತ್ತಿ ಆಡಿಸಿದವನು ನಾನು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಓಡಾಡಿದವನು ನಾನು, ನಾಲ್ಕು ತಿಂಗಳಲ್ಲಿ ಇವನು ಅಪ್ಪನಾಗಿಬಿಟ್ಟ! ಕೊಳದ ಆ ತುದಿಯಲ್ಲಿ ಅವನು ನಿಂತಿದ್ದ. ಸುತ್ತ ಐದಾರು ಜನ. ಯಾವುದೋ ಮಗುವಿನ ಗಲ್ಲ ಹಿಡಿದು ಏನೋ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು. ಏನಿದೆ ಅವನಲ್ಲಿ? ಏನು ಹೇಳುತ್ತಾನೆ ಅಂಥದ್ದು? ನನ್ನ ಕಣ್ಣು ಅವನ ಮೇಲೆ ನೆಟ್ಟು ನಿಂತಿತು.

“ಅಪ್ಪಾ ನೋಡು! ಹಗ್ಗದವರೆಗೂ ಹೋಗ್ತೀನಿ! ನೋಡು!”

“ಹೂಂ, ನೋಡ್ದೆ,” ಎಂದೆ, ಅವನನ್ನೇ ನೋಡುತ್ತ.

ಎಷ್ಟು ಹೊತ್ತಾಯಿತೋ. ಅರ್ಧ ನಿಮಿಷವಿರಬಹುದು. ತಿರುಗಿ ನೋಡಿದರೆ ಮಗಳಿಲ್ಲ. ನನಗೆ ಹೆದರಿಕೆಯೇ ಆಗಲಿಲ್ಲ, ಅದನ್ನು ನೀವು ತಿಳಿಯಬೇಕು. ಕಿರುಚಾಟವಿರಲಿಲ್ಲ, ಕೈಕಾಲು ಬಡಿದ ಸದ್ದಿರಲಿಲ್ಲ. ಮುಳುಗುವವರು ಕೂಗಿಕೊಳ್ಳುತ್ತಾರೆ ಎಂದೇ ನಾನು ನಂಬಿದ್ದವನು. ನನಗೆ ಬಂದದ್ದು ಸಿಟ್ಟು. ಹೋದಳು ನೋಡು ಮಾವನ ಹತ್ತಿರ, ಎರಡು ನಿಮಿಷ ಅಪ್ಪನ ಜೊತೆ ಇರಲಾಗಲಿಲ್ಲ ಇವಳಿಗೆ! ಎದ್ದು ನೀರಿಗೆ ಬೆನ್ನು ಹಾಕಿ, ಕೊಳದ ಅಂಚಿನಲ್ಲಿ ದಬದಬ ಹೆಜ್ಜೆ ಹಾಕಿಕೊಂಡು ಅವನ ಬಳಿಗೆ ನಡೆದೆ.

“ಎಲ್ಲಿ ಅವಳು? ಕಳ್ಸು ಇಲ್ಲಿಗೆ,” ಎಂದೆ.

“ಯಾರು?” ಎಂದವನು ನನ್ನ ತಲೆಯ ಮೇಲಿನ ಟೋಪಿ ನೋಡಿದ. ಅವನ ಮುಖ ಬಿಳಿಚಿತು. “ನೀರು ನೋಡಿದ್ರಾ ಭಾವ? ಮೊದಲು ನೀರು ನೋಡಿದ್ರಾ?”

ಸೀಟಿ ಉದ್ದಕ್ಕೆ ಕೂಗಿತು. “ಎಲ್ರೂ ಮೇಲೆ! ಎಲ್ರೂ!” ಅವನು ದನಿ ಎತ್ತಿದ್ದನ್ನು ಅವತ್ತು ಕೇಳಿದೆ. ಟೋಪಿಯವರೆಲ್ಲ ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡರು. ನೀರು ಖಾಲಿಯಾಯಿತು. ಅವನು ಅಂಚಿನುದ್ದಕ್ಕೂ ಓಡುತ್ತ ನೀರಿನೊಳಗೆ ಕಣ್ಣಾಡಿಸಿದ. ನಾನೂ ನೋಡಿದೆ. ನೀಲಿ, ಬರೀ ನೀಲಿ, ಅದರ ಮೇಲೆ ಬಿಸಿಲಿನ ಬಿಳಿ ಗೆರೆಗಳು. ಬಣ್ಣ ಹೊಂದಿಸುವುದರಲ್ಲಿ ನಾನು ತಪ್ಪಿದವನೇ ಅಲ್ಲ. ನನ್ನ ಮಗಳು ಆ ನೀರಿನಲ್ಲಿದ್ದಳು, ನನಗೆ ಕಾಣುತ್ತಿರಲಿಲ್ಲ. “ಬಟನ್ನೂ!” ಎಂದು ಕಿರುಚಿದೆ.

ಹಗ್ಗದ ಕೆಳಗೆ ಕಪ್ಪಗೆ ಏನೋ ಅಲ್ಲಾಡಿತು. ಅವಳ ಕೂದಲು. ನಾನು ಬೆರಳು ತೋರಿಸುವಷ್ಟರಲ್ಲಿ ಅವನು ಧುಮುಕಿಯಾಗಿತ್ತು.

ಅಂಚಿನ ಮೇಲೆ ಮಲಗಿಸಿದಾಗ ತುಟಿ ನೀಲಿಯಾಗಿತ್ತು, ಎದೆ ಏಳುತ್ತಿರಲಿಲ್ಲ. ಹೊಟ್ಟೆಯಲ್ಲಿ ನೀರಿರುತ್ತದೆಂದು ನಾನು ಹೊಟ್ಟೆ ಅದುಮಲು ಹೋದೆ. “ಮುಟ್ಬೇಡಿ!” ಎಂದು ನನ್ನ ಕೈ ತಳ್ಳಿದ. ಆಂಬುಲೆನ್ಸಿಗೆ ಫೋನ್ ಮಾಡಲು ಟಿಕೆಟ್ಟಿನ ಹೆಂಗಸಿಗೆ ಹೇಳಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಿದ. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಅವಳು ಕೆಮ್ಮಿದಳು. ಪಕ್ಕಕ್ಕೆ ಹೊರಳಿಸಿದ, ವಾಂತಿ ಮಾಡಿದಳು, ಅತ್ತಳು. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಕಣ್ಣು ಬಿಟ್ಟವಳು ಅವನ ಕೊರಳು ತಬ್ಬಿಕೊಂಡಳು. ದೇವರಾಣೆ ಹೇಳುತ್ತೇನೆ, ಆಗಲೂ, ಆ ಗಳಿಗೆಯಲ್ಲೂ, ನನ್ನೊಳಗೆ ಚುರುಕ್ ಎಂದಿತು. ಎಂಥ ಮನುಷ್ಯನಪ್ಪಾ ನಾನು ಎಂದು ನನಗೇ ಹೇಸಿಗೆಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, “ಈಗ ಚೆನ್ನಾಗಿದಾಳೆ. ಆದ್ರೂ ನಾಳೆವರೆಗೂ ಇಲ್ಲೇ ಇರ್ಲಿ. ಒಳಗೆ ಹೋದ ನೀರು ಆಮೇಲೆ ತೊಂದ್ರೆ ಕೊಡಬಹುದು,” ಎಂದರು. ಹೆಂಡತಿ ಅಂಗಡಿಯ ಕೋಟಿನಲ್ಲೇ ಓಡಿಬಂದಳು. ಮಗಳನ್ನು ತಲೆಯಿಂದ ಕಾಲಿನವರೆಗೆ ಸವರಿ, ಮಂಚದ ಪಕ್ಕ ಕುಸಿದು ಕೂತು, ತಮ್ಮನ ಕಡೆ ತಿರುಗಿದಳು. “ನೀನಿದ್ದೂ ಹೀಗಾಯ್ತಲ್ಲೋ,” ಎಂದಳು. ನನ್ನನ್ನು ಏನೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಕೊಳದ ಮೇಲ್ವಿಚಾರಕರು ಒಂದು ಹಾಳೆ ಹಿಡಿದುಕೊಂಡು ಬಂದರು. ಬೆವರು ಒರೆಸಿಕೊಂಡು, “ಮೇಲಿನವರಿಗೆ ವರದಿ ಕೊಡ್ಬೇಕು. ಮಗು ಮೇಲೆ ಯಾರು ಕಣ್ಣಿಟ್ಟಿರಬೇಕಾಗಿತ್ತು? ಅದೊಂದು ಹೇಳಿ,” ಎಂದರು.

“ನಾನು ಸರ್,” ಎಂದ ಭಾವಮೈದ. ಒದ್ದೆ ಬಟ್ಟೆ ಇನ್ನೂ ಬದಲಿಸಿರಲಿಲ್ಲ, ಬಾಗಿಲಿಗೆ ಒರಗಿ ನಿಂತಿದ್ದ. “ಆ ಬಣ್ಣದಲ್ಲಿ ಇಳಿಸ್ಬಾರ್ದು ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ತಪ್ಪು ನಂದೇ, ಹಾಗೇ ಬರ್ಕೊಳ್ಳಿ.”

“ಹಾಗೆ ಬರೆದ್ರೆ ನಾಳೆಯಿಂದ ನಿನಗೆ ಕೆಲಸ ಇರಲ್ಲಪ್ಪ.”

“ಗೊತ್ತು ಸರ್.”

ನನ್ನ ಕಡೆ ಅವನು ನೋಡಲೂ ಇಲ್ಲ. ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು. ನಾನು ಸುಮ್ಮನಿದ್ದರೆ ಸಾಕಿತ್ತು. ಇನ್ನೊಂದು ನಿಮಿಷ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅವನ ಕೆಲಸ ಹೋಗುತ್ತಿತ್ತು, ಕೋಣೆ ಖಾಲಿ ಮಾಡಿ ಬೇರೆ ಊರಿಗೆ ಹೊರಡುತ್ತಿದ್ದ. ನಾಲ್ಕು ತಿಂಗಳಿನಿಂದ ನಾನು ಬಯಸಿದ್ದು ಇದನ್ನೇ ಅಲ್ಲವೇ? ಬಯಸಿದ್ದೆ, ಸುಳ್ಳೇಕೆ ಹೇಳಲಿ.

ಆಗ ನನ್ನೊಳಗೆ ಎದ್ದದ್ದನ್ನು ಒಳ್ಳೆಯತನವೆಂದು ತಿಳಿಯಬೇಡಿ. ಅದೂ ಹೊಟ್ಟೆಕಿಚ್ಚೇ. ನೀರು ಇವನದು, ಹೊಗಳಿಕೆ ಇವನದು, ಮಗಳ ನಗು ಇವನ ಹಾಗೆ, ಹೋದ ಜೀವ ತಂದುಕೊಟ್ಟವನೂ ಇವನೇ. ಈಗ ನನ್ನ ತಪ್ಪನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದಾನೆ! ಟೋಪಿ ನನ್ನ ತಲೆಯ ಮೇಲಿತ್ತು. ಅವಳ ಹೊಣೆ ನನ್ನದಾಗಿತ್ತು, ತಪ್ಪಿದ್ದರೆ ತಪ್ಪೂ ನನ್ನದೇ. ಅದನ್ನೂ ಇವನಿಗೆ ಬಿಟ್ಟುಕೊಟ್ಟರೆ ಅವಳಿಗೆ ನಾನು ಯಾರು?

“ಬರೀಬೇಡಿ ಸರ್,” ಎಂದೆ. ಎಲ್ಲರೂ ತಿರುಗಿದರು. “ಅವನು ಸುಳ್ಳು ಹೇಳ್ತಿದಾನೆ. ಅವನು ಬೇಡ ಅಂದ, ಎರಡೆರಡು ಸಲ ಬೇಡ ಅಂದ. ನಾನು ಜನರ ಮುಂದೆ ಅವನ ಬಾಯಿ ಮುಚ್ಚಿಸಿ ಇಳಿಸ್ದೆ. ನೀರಲ್ಲಿರಿ ಅಂದ, ನಾನು ಮೇಲೆ ಬಂದು ಕೂತೆ. ಮಗು ಕಾಣ್ಲಿಲ್ಲ ಅಂದಾಗ ನೀರು ಕೂಡ ನೋಡ್ಲಿಲ್ಲ ನಾನು, ಇವನ ಜೊತೆ ಜಗಳಕ್ಕೆ ಹೋದೆ. ಅಪ್ಪ ನಾನು. ತಪ್ಪು ನಂದು. ನನ್ನ ಹೆಸರು ಬರ್ಕೊಳ್ಳಿ.”

“ಭಾವ, ಸುಮ್ನಿರಿ,” ಎಂದ ಅವನು.

“ನೀನು ಸುಮ್ನಿರೋ!” ಎಂದು ಗದರಿದೆ.

ಮೇಲ್ವಿಚಾರಕರು ಮೂರು ಸಾಲು ಬರೆದು, ನನ್ನ ಸಹಿ ತೆಗೆದುಕೊಂಡು, ಭಾವಮೈದನ ಬೆನ್ನು ತಟ್ಟಿ ಹೋದರು. ಹೆಂಡತಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಮುಖ ತಿರುಗಿಸಿ ಮಗಳ ಹೊದಿಕೆ ಸರಿಮಾಡಿದಳು. ಮಗಳು ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆವು. ಅವಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಅಪ್ಪಾ,” ಎಂದಳು. ಕೆಮ್ಮಿ ಕೆಮ್ಮಿ ಗಂಟಲು ಒಡೆದಿತ್ತು. “ನಾನು ನೋಡು ಅಂದಾಗ ನೀನು ನೋಡ್ದೆ ಅಂದ್ಯಲ್ಲ?”

ಮಂಚದ ಪಕ್ಕ ಮಂಡಿಯೂರಿದೆ. “ಸುಳ್ಳು ಹೇಳ್ದೆ ಕಣೇ. ನಾನು ನಿನ್ನ ನೋಡ್ಲಿಲ್ಲ.”

“ಮತ್ತೆ ಯಾರನ್ನ ನೋಡ್ತಿದ್ದೆ?”

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಾಗಿಲ ಬಳಿ ನಿಂತಿದ್ದವನ ಕಡೆ ಕೈ ತೋರಿಸಿದೆ. “ನಿಮ್ಮ ಮಾವನ್ನ.”

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ.

“ಮಾವಂಗೆ ಈಜು ಬರುತ್ತಲ್ಲಪ್ಪ,” ಎಂದಳು.